ಗಂಟುಮೂಟೆ ಕಟ್ಟುವ ಮುನ್ನ

(ಆಕಾಶವಾಣಿ ಭಾಷಣ)



ಕನ್ನಡದ 'ಗಂಟು' ಎಂಬ ಪದಕ್ಕೆ ಅರ್ಥಗಳು ಹಲವು. ಹಗ್ಗಕ್ಕೆ ಹಾಕುವುದು ಗಂಟು. ಬಟ್ಟೆಯಲ್ಲಿ ಸುತ್ತಿ ಹೊರುವುದು ಗಂಟು. ಹಿರಿಯರು ಕೂಡಿಟ್ಟು ಹೋದ ಹಣವೂ ಗಂಟು. ಸಿಟ್ಟು ಬಂದಾಗ ಮುಖದ ಮೇಲೆ ಕಾಣುವುದೂ ಗಂಟೇ. ಸ್ಕೌಟ್ ದಳಕ್ಕೆ ಸೇರಿದ ಮಗು ಮೊದಲ ಕೆಲವು ವಾರಗಳಲ್ಲಿಯೇ ಹಗ್ಗದ ಗಂಟುಗಳನ್ನು ಕಲಿಯುತ್ತದೆ. ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್ ಎಂದು ಅವುಗಳ ಹೆಸರನ್ನು ಪಟಪಟನೆ ಹೇಳುತ್ತದೆ. ಆದರೆ ಅದೇ ಮಗು ಶಿಬಿರಕ್ಕೆ ಹೊರಡುವ ದಿನ ಅದರ ಬಟ್ಟೆಬರೆಯ ಗಂಟನ್ನು ಕಟ್ಟುವವರು ಯಾರು? ನಮ್ಮ ಹತ್ತು ಮನೆಗಳಲ್ಲಿ ಎಂಟರಲ್ಲಿಯಾದರೂ ತಾಯಿ, ಉಳಿದೆರಡರಲ್ಲಿ ಅಜ್ಜಿ. ಈ ಸಣ್ಣ ವಿಪರ್ಯಾಸದಿಂದಲೇ ನನ್ನ ಇಂದಿನ ಮಾತನ್ನು ಆರಂಭಿಸುತ್ತೇನೆ. ಜಾಂಬೂರಿಯೆಂಬ ದೊಡ್ಡ ಮೇಳಕ್ಕೆ ಮಕ್ಕಳೂ ಅವರ ತಾಯಿತಂದೆಯರೂ ಹೇಗೆ ಸಿದ್ಧರಾಗಬೇಕು ಎಂಬುದು ಅದರ ವಿಷಯ.

ನಾನು ಮೊದಲ ಬಾರಿ ಸ್ಕೌಟ್ ಶಿಬಿರಕ್ಕೆ ಹೋದದ್ದು 1972ರಲ್ಲಿ. ನಮ್ಮ ರಾಜ್ಯಕ್ಕೆ ಆಗ ಮೈಸೂರು ಎಂಬ ಹೆಸರೇ ಇತ್ತು. ಉಡುಪಿ ಜಿಲ್ಲೆಯಾಗುವುದಕ್ಕೆ ಇನ್ನೂ ಇಪ್ಪತ್ತೈದು ವರ್ಷಗಳು ಕಳೆಯಬೇಕಾಗಿತ್ತು. ಕಾರ್ಕಳದಿಂದ ಉಡುಪಿಗೆ ಬಸ್ಸಿನಲ್ಲಿ ಬಂದೆವು. ನನ್ನ ತಾಯಿ ಮೂರು ದಿನಗಳ ಶಿಬಿರಕ್ಕೆಂದು ಒಂದು ಕಬ್ಬಿಣದ ಟ್ರಂಕನ್ನು ಸಿದ್ಧಪಡಿಸಿದ್ದಳು. ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿರಲಿಲ್ಲ. ಅದು ನನ್ನಿಂದ ಎತ್ತಲಾರದಷ್ಟು ಭಾರವಾಗಿದೆಯೆಂಬುದು ಮಾತ್ರ ಬಸ್ಸಿನಿಂದ ಇಳಿದಾಗ ಗೊತ್ತಾಯಿತು. ಬಿಸಿಲಿನಲ್ಲಿ ಅದರ ಪಕ್ಕದಲ್ಲಿ ಅಳುಮುಖ ಮಾಡಿಕೊಂಡು ನಿಂತಿದ್ದೆ. ಕಾಪುವಿನ ಕಡೆಯಿಂದ ಬಂದ, ನನ್ನದೇ ವಯಸ್ಸಿನ ಹುಡುಗನೊಬ್ಬ ಹತ್ತಿರ ಬಂದ. ಕಡಲಿಗೆ ಹೋಗುವ ಮನೆಯವನು. ಅವನ ಸಾಮಾನೆಲ್ಲ ಒಂದು ಚೀಲದಲ್ಲಿ ಹೆಗಲ ಮೇಲಿತ್ತು. ಅವನು ಟ್ರಂಕನ್ನು ಒಮ್ಮೆ ನೋಡಿದ, ಎಲ್ಲಿಂದಲೋ ಒಂದು ಬಿದಿರುಗಳುವನ್ನು ತಂದ, ತನ್ನ ಹಗ್ಗದಿಂದ ಟ್ರಂಕಿಗೆ ಸುತ್ತು ಹಾಕಿ, ಗಳುವಿಗೆ ಎರಡು ಕಡೆ ಬಿಗಿದ. ಇಬ್ಬರೂ ಹೆಗಲು ಕೊಟ್ಟೆವು. ಟ್ರಂಕು ಶಿಬಿರ ಸೇರಿತು. ಅವನು ಹಾಕಿದ್ದು ಕ್ಲೋವ್ ಹಿಚ್ ಎಂದು ಮರುದಿನ ಸ್ಕೌಟ್ ಮಾಸ್ತರರು ಹೇಳಿದರು. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. ದೋಣಿಯನ್ನು ಕಟ್ಟುವ ಗಂಟು ಅದು ಎಂದಷ್ಟೇ ಗೊತ್ತಿತ್ತು. ನನಗೆ ಹೆಸರು ಗೊತ್ತಿತ್ತು, ಗಂಟು ಬರುತ್ತಿರಲಿಲ್ಲ.

ಆ ದಿನದ ನಾಚಿಕೆಯನ್ನು ನಾನು ಇಂದಿಗೂ ಮರೆತಿಲ್ಲ. ಮುಂದೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ರೋವರ್ ದಳದ ಹೊಣೆಯೂ ನನ್ನ ಪಾಲಿಗೆ ಬಂತು. ರಜೆಗಳಲ್ಲಿ ಪ್ರೌಢಶಾಲೆಯ ಮಕ್ಕಳೊಡನೆ ಹಲವು ಶಿಬಿರಗಳಿಗೆ ಹೋಗಿ ಬಂದೆ. ನನ್ನ ಮಾತು ಪುಸ್ತಕದಿಂದ ಬಂದದ್ದಕ್ಕಿಂತ ಹೆಚ್ಚಾಗಿ ಆ ಅನುಭವದಿಂದ ಬಂದದ್ದು.

ಮೊದಲು ಜಾಂಬೂರಿಯೆಂದರೇನೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. 1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಸಣ್ಣ ದ್ವೀಪಕ್ಕೆ ಇಪ್ಪತ್ತರಷ್ಟು ಹುಡುಗರನ್ನು ಕರೆದುಕೊಂಡು ಹೋಗಿ ಶಿಬಿರ ಹೂಡಿದ. ಅವರಲ್ಲಿ ಸಿರಿವಂತರ ಶಾಲೆಗಳ ಹುಡುಗರಿದ್ದರು. ಸಾಮಾನ್ಯ ಮನೆಗಳ, ದುಡಿಯುವವರ ಮಕ್ಕಳೂ ಇದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ಈ ಎರಡು ಬಗೆಯ ಹುಡುಗರು ಒಂದೇ ಗುಡಾರದಲ್ಲಿ ಮಲಗಿದ್ದು ಸಣ್ಣ ಸಂಗತಿಯೇನಲ್ಲ. ಮರುವರ್ಷ ಅವನ ಪುಸ್ತಕ ಹೊರಬಂತು. ಚಳವಳಿ ಕಾಳ್ಗಿಚ್ಚಿನಂತೆ ಹಬ್ಬಿತು. ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿಯೆಂದರೆ, ಭಾರತದಲ್ಲಿ ಮೊದಲ ಸ್ಕೌಟ್ ದಳ ಹುಟ್ಟಿದ್ದು 1909ರಲ್ಲಿ, ಬೆಂಗಳೂರಿನಲ್ಲಿ, ಕ್ಯಾಪ್ಟನ್ ಬೇಕರ್ ಎಂಬವನ ಕೈಯಿಂದ. ಆಗ ಅದು ಯುರೋಪಿಯನ್ನರ ಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಭಾರತೀಯ ಬಾಲಕರಿಗೂ ಅದು ಬೇಕೆಂದು ದುಡಿದವರಲ್ಲಿ ಅನಿ ಬೆಸೆಂಟರೂ ಮದನಮೋಹನ ಮಾಳವೀಯರೂ ಸೇರಿದ್ದಾರೆ. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಾಯಿತು. 'ಬಾಲಚರ' ಎಂದು ನಮ್ಮ ಹಿರಿಯರು ಇದಕ್ಕೆ ಒಂದು ಒಳ್ಳೆಯ ಹೆಸರಿಟ್ಟಿದ್ದರು. ಅದು ನಿಲ್ಲಲಿಲ್ಲ, 'ಸ್ಕೌಟ್' ನಿಂತಿತು.

ಅನೇಕ ದಳಗಳು ಒಂದೆಡೆ ಕೂಡಿ ಗುಡಾರ ಹೂಡಿ ವಾರಕಾಲ ಬಾಳುವ ಮೇಳವೇ ಜಾಂಬೂರಿ. ಮೊದಲ ವಿಶ್ವ ಜಾಂಬೂರಿ ನಡೆದದ್ದು 1920ರಲ್ಲಿ, ಲಂಡನ್ನಿನಲ್ಲಿ. ನಮ್ಮ ರಾಷ್ಟ್ರೀಯ ಜಾಂಬೂರಿಗಳಲ್ಲಿ ಹದಿನೇಳನೆಯದು 2016ರ ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ಬಳಿ, ನಂಜನಗೂಡು ತಾಲ್ಲೂಕಿನ ಅಡಕನಹಳ್ಳಿಯಲ್ಲಿ ಸೇರಿತ್ತು. ಹದಿನೆಂಟನೆಯದು 2023ರ ಜನವರಿ 4ರಿಂದ 10ರವರೆಗೆ ರಾಜಸ್ಥಾನದ ಪಾಲಿ ಜಿಲ್ಲೆಯ ರೋಹಟ್‌ನಲ್ಲಿ ನಡೆಯಿತು. ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಉದ್ಘಾಟಿಸಿದರು. ಹತ್ತೊಂಬತ್ತನೆಯದು 2025ರ ನವೆಂಬರಿನಲ್ಲಿ ಲಖನೌದಲ್ಲಿ ಜರುಗಿತು. ಇವುಗಳ ನಡುವೆ ನಮ್ಮ ಬಾಗಿಲಿಗೇ ಬಂದ ಮೇಳವೊಂದಿದೆ. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ, ಆಳ್ವಾಸ್ ಸಂಸ್ಥೆಯ ಆವರಣದಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಅದು. ಐವತ್ತು ಸಾವಿರದಷ್ಟು ಮಕ್ಕಳೆಂದು ಆಗ ಪತ್ರಿಕೆಗಳು ಬರೆದವು. ಒಂದು ಪುಟ್ಟ ಪಟ್ಟಣದಷ್ಟು ಮಕ್ಕಳು!

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿದೆ. ದೂರದ ಜಾಂಬೂರಿಗಿಂತ ಹತ್ತಿರದ ಜಾಂಬೂರಿಯೇ ಮಕ್ಕಳಿಗೆ ಕಷ್ಟ. ಕಾರ್ಕಳದಿಂದ ಮೂಡುಬಿದಿರೆಗೆ ಸುಮಾರು 18 ಕಿಲೋಮೀಟರ್. ಮಗಳನ್ನು ರಾಜಸ್ಥಾನಕ್ಕೆ ಕಳುಹಿಸಿದ ತಾಯಿ ಮನಸ್ಸನ್ನು ಕಲ್ಲು ಮಾಡಿಕೊಳ್ಳುತ್ತಾಳೆ. ಮೂಡುಬಿದಿರೆಗೆ ಕಳುಹಿಸಿದ ತಾಯಿ ಮರುದಿನ ಮಧ್ಯಾಹ್ನ ತಿಂಡಿಯ ಡಬ್ಬಿಯೊಡನೆ ಬರುತ್ತಾಳೆ. ಆ ವಾರ ನಾನು ಮೇಳವನ್ನು ನೋಡಲು ಹೋದಾಗ ಕಂಡ ದೃಶ್ಯವೊಂದು ನೆನಪಿದೆ. ಆರೆಂಟು ಮಕ್ಕಳ ಪಟಾಲಮೊಂದು ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿತ್ತು. ಒಬ್ಬ ಹುಡುಗನ ತಾಯಿ ಬಂದು ಅವನನ್ನು ಸಾಲಿನಿಂದ ಹೊರಗೆ ಕರೆದು ಮರದ ಕೆಳಗೆ ಕೂರಿಸಿ ಮನೆಯ ಊಟ ಉಣ್ಣಿಸಿದಳು. ಮಮತೆಯಿಂದಲೇ ಮಾಡಿದ ಕೆಲಸ. ಆದರೆ ಆ ಹುಡುಗ ತುತ್ತು ನುಂಗುತ್ತ ನೋಡುತ್ತಿದ್ದುದು ತಾಯಿಯನ್ನಲ್ಲ, ತಾನಿಲ್ಲದೆ ಮುಂದೆ ಸರಿಯುತ್ತಿದ್ದ ಆ ಸಾಲನ್ನು.

ಹಾಗಾದರೆ ಸಿದ್ಧತೆ ಎಂಬುದು ಎಲ್ಲಿಂದ ಆರಂಭವಾಗಬೇಕು? ಚೀಲದಿಂದಲೇ ಆರಂಭಿಸೋಣ.

ಚೀಲದ ಮೊದಲ ನಿಯಮ: ಹೊರುವವರೇ ತುಂಬಬೇಕು. ಪಟ್ಟಿಯನ್ನು ದಳದ ನಾಯಕರು ಕೊಡುತ್ತಾರೆ. ಎರಡು ಜೊತೆ ಸಮವಸ್ತ್ರ, ಕೊರಳ ಸ್ಕಾರ್ಫ್, ಟೋಪಿ, ಬೂಟು, ಚಪ್ಪಲಿ, ತಟ್ಟೆ ಲೋಟ, ಟಾರ್ಚ್, ಹಗ್ಗ, ಸೂಜಿದಾರ, ಹೊದಿಕೆ. ತಾಯಿ ಪಟ್ಟಿಯನ್ನು ಓದಲಿ, ಮಗು ಒಂದೊಂದಾಗಿ ತುಂಬಲಿ. ನಂತರ ಎಲ್ಲವನ್ನೂ ಹೊರಗೆ ಸುರಿದು ಮತ್ತೊಮ್ಮೆ ತಾನೇ ತುಂಬಲಿ. ಎರಡನೆಯ ಬಾರಿ ಯಾವ ವಸ್ತು ಎಲ್ಲಿದೆಯೆಂಬುದು ಅದಕ್ಕೆ ಕತ್ತಲೆಯಲ್ಲಿಯೂ ತಿಳಿಯುತ್ತದೆ. ಭಾರವಾದದ್ದು ಬೆನ್ನಿಗೆ ಹತ್ತಿರವಾಗಿ ನಡುವೆ ಇರಬೇಕು. ರಾತ್ರಿ ಬೇಕಾಗುವ ಹೊದಿಕೆ, ಟಾರ್ಚ್ ಮೇಲಿರಬೇಕು. ಒಟ್ಟು ಭಾರ ಮಗುವಿನ ತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ನಾನು ಪಾಲಿಸಿಕೊಂಡು ಬಂದ ಲೆಕ್ಕ. ನಲವತ್ತು ಕಿಲೋ ತೂಗುವ ಹುಡುಗಿಗೆ ಎಂಟು ಕಿಲೋ ಸಾಕು. ಚಿನ್ನದ ಸರ, ಬೆಲೆಬಾಳುವ ಕೈಗಡಿಯಾರ ಬೇಡ. ಚಕ್ಕುಲಿ ಉಂಡೆಗಳ ಡಬ್ಬಿಯೂ ಬೇಡ. ಗುಡಾರದಲ್ಲಿ ಅವು ಮೊದಲ ರಾತ್ರಿಯೇ ಇರುವೆಗಳ ಪಾಲು.

ಹೊದಿಕೆಯ ಮಾತು ಬಂತು. ಕಡಲ ತೀರದ ನಮ್ಮ ಮಕ್ಕಳಿಗೆ ಚಳಿಯೆಂದರೇನೆಂದು ತಿಳಿಯದು. ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ರಾಜಸ್ಥಾನದ ಆ ಬಯಲಿನಲ್ಲಿ ಜನವರಿಯ ಇರುಳು 10 ಡಿಗ್ರಿಯ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ನೆಲವೇ ತಣ್ಣಗಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಕಾಪುವಿನ ಮನೆಯಲ್ಲಿ ಸ್ವೆಟರೇ ಇರುವುದಿಲ್ಲ. ಇದ್ದರೂ ಅದು ಘಟ್ಟದ ಮೇಲಿನ ಬಂಧುಗಳ ಮದುವೆಗೆಂದು ಕೊಂಡ ತೆಳುವಾದದ್ದು. ಒಂದು ದಪ್ಪ ಅಂಗಿಗಿಂತ ಒಂದರ ಮೇಲೊಂದು ಮೂರು ತೆಳು ಅಂಗಿಗಳು ಬೆಚ್ಚಗೆ. ಮಲಗುವಾಗ ಮೇಲೆ ಹೊದೆಯುವಷ್ಟೇ ಕೆಳಗೆ ಹಾಸುವುದೂ ಮುಖ್ಯ. ಕಾಲಿಗೆ ಒಣಗಿದ ಕಾಲುಚೀಲ ಬೇಕು. ಇವನ್ನೆಲ್ಲ ಮಗುವಿಗೆ ಹೇಳಿಕೊಟ್ಟರಷ್ಟೇ ಸಾಲದು. ಮನೆಯ ಚಾವಡಿಯಲ್ಲಿ, ಹಾಸಿಗೆಯಿಲ್ಲದೆ, ಒಂದು ವಾರ ಮಲಗಿಸಿ ಅಭ್ಯಾಸ ಮಾಡಿಸಬೇಕು. ಊಟದ ವಿಷಯವೂ ಹೀಗೆಯೇ. ಕುಚ್ಚಲಕ್ಕಿಯ ಗಂಜಿಗೆ ಒಗ್ಗಿದ ಹೊಟ್ಟೆ ಏಳು ದಿನ ರೊಟ್ಟಿ, ಬೇಳೆ, ಬಟಾಟೆಗಳ ಮೇಲೆ ಬದುಕಬೇಕಾಗುತ್ತದೆ. ಹೊರಡುವ ತಿಂಗಳಿನಲ್ಲಿ ವಾರಕ್ಕೆರಡು ರಾತ್ರಿ ಆ ಊಟವನ್ನೇ ಮನೆಯಲ್ಲಿ ಮಾಡಿದರೆ ಮಗುವಿಗೆ ಅರ್ಧ ಜಾಂಬೂರಿ ಮನೆಯಲ್ಲಿಯೇ ಕಳೆದಂತೆ.

ದಳದ ಅಭ್ಯಾಸಕ್ಕೆ ನಮ್ಮಲ್ಲಿ ಸ್ಥಳಗಳಿಗೆ ಕೊರತೆಯಿಲ್ಲ. ಉಡುಪಿಯ ಸಮೀಪದ ಅಲೆವೂರು ಪ್ರಗತಿನಗರದಲ್ಲಿ ತರಬೇತಿ ಕೇಂದ್ರವಿದೆ. ತುಂಬಿದ ಚೀಲವನ್ನು ಹೊತ್ತು ಮಣಿಪಾಲದ ಗುಡ್ಡದ ತುದಿಗೆ ಹೋಗಿ ಸ್ವರ್ಣಾ ನದಿಯನ್ನು ನೋಡಿಕೊಂಡು ಬರಬಹುದು. ಕಾಪುವಿನ ಮರಳಿನ ಮೇಲೆ ಒಂದು ಬೆಳಿಗ್ಗೆ ನಡೆಯಬಹುದು. ಮರಳಿನ ಮೇಲೆ ಒಂದು ಮೈಲಿ ನಡೆದ ಮಗು ತನ್ನ ಚೀಲದಿಂದ ತೆಗೆದುಹಾಕಬೇಕಾದದ್ದು ಏನೆಂಬುದನ್ನು ಯಾರೂ ಹೇಳದೆಯೇ ಅರಿಯುತ್ತದೆ. ಕನಿಷ್ಠ ಎರಡು ರಾತ್ರಿಯಾದರೂ ಗುಡಾರದಲ್ಲಿ ಕಳೆದ ಅನುಭವವಿಲ್ಲದ ಮಗುವನ್ನು ದೂರದ ಜಾಂಬೂರಿಗೆ ಕರೆದೊಯ್ಯಬಾರದೆಂಬುದು ನನ್ನ ಮತ.

ಈ ಅಭ್ಯಾಸಗಳಲ್ಲಿ ನಮ್ಮ ನಾಲ್ಕು ಊರುಗಳ ಮಕ್ಕಳೂ ಬೇರೆಬೇರೆ ಬಗೆಯಲ್ಲಿ ಮುಂದಿರುತ್ತಾರೆ. ಕಾಪುವಿನ ಮಗುವಿಗೆ ಹಗ್ಗ ಗೊತ್ತು, ಗಾಳಿ ಗೊತ್ತು. ಕಾರ್ಕಳದ ಮಗುವಿಗೆ ಕಾಡಿನ ಅಂಚಿನ ಕತ್ತಲೆಯ ಭಯವಿಲ್ಲ. ಉಡುಪಿಯ ಮಗು ಸಾವಿರ ಜನರ ಪಂಕ್ತಿಯಲ್ಲಿ ಕುಳಿತು ಉಂಡದ್ದುಂಟು. ಅದಕ್ಕೆ ಸಾಲು ಹೊಸದಲ್ಲ. ಮಣಿಪಾಲದ ಮಗು ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದದ್ದು. ಅಪರಿಚಿತರೊಡನೆ ಮಾತಾಡಲು ಅಂಜುವುದಿಲ್ಲ. ಇವರನ್ನು ಒಂದೇ ಪಟಾಲಮಿನಲ್ಲಿ ಕೂಡಿಸಿದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಬ್ರೌನ್‌ಸೀ ದ್ವೀಪದಲ್ಲಿ ನಡೆದದ್ದೂ ಇದೇ.

ಈಗ ನಾನು ಹೇಳಲೇಬೇಕಾದ, ಆದರೆ ಹೇಳಲು ಸಂಕೋಚವಾಗುವ ಒಂದು ಸಂಗತಿಗೆ ಬರುತ್ತೇನೆ.

ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳ ಹಿಂದೆ ಹೊರರಾಜ್ಯವೊಂದರ ಶಿಬಿರಕ್ಕೆ ಮಕ್ಕಳ ತಂಡವೊಂದರೊಡನೆ ಹೋಗಿದ್ದೆ. ಹೊರಡುವ ಮುನ್ನ ತಂದೆಯ ಒಪ್ಪಿಗೆ ಪತ್ರ, ಆರೋಗ್ಯದ ವಿವರ ತುಂಬಿದ ನಮೂನೆ ಎಲ್ಲವೂ ಸೇರಬೇಕು. ಕೊನೆಯ ದಿನ ಶಾಲೆಯೊಂದರ ಜಗಲಿಯಲ್ಲಿ ಕುಳಿತು ನಮೂನೆಗಳನ್ನು ಒಟ್ಟುಮಾಡುತ್ತಿದ್ದೆ. ತಂದೆಯೊಬ್ಬರು ಪೆನ್ನು ಹಿಡಿದು ತಡೆದರು. "ಇವನಿಗೆ ಸಣ್ಣದರಲ್ಲಿ ಸ್ವಲ್ಪ ಉಬ್ಬಸವಿತ್ತು, ಬರೆಯಬೇಕೆ?" ಎಂದು ಕೇಳಿದರು. ಬಸ್ಸಿಗೆ ತಡವಾಗುತ್ತಿತ್ತು. "ಬರೆದರೆ ವೈದ್ಯರ ಪತ್ರ, ಇನ್ನೊಂದು ಮತ್ತೊಂದು ಎಂದು ತಾಪತ್ರಯ, ಇಲ್ಲವೆಂದು ಬರೆದುಬಿಡಿ" ಎಂದೆ. ಅವರಿಗೂ ಅದೇ ಬೇಕಾಗಿತ್ತು. ಬರೆದರೆ ಹುಡುಗನನ್ನು ಬಿಟ್ಟುಹೋಗುತ್ತಾರೆಂಬ ಅಂಜಿಕೆ ಅವರಿಗಿತ್ತು. ಇನ್‌ಹೇಲರ್ ಮನೆಯ ಕಪಾಟಿನಲ್ಲಿ ಉಳಿಯಿತು.

ಎರಡನೆಯ ರಾತ್ರಿ ಆ ಹುಡುಗನ ಗೆಳೆಯ ನನ್ನನ್ನು ಎಬ್ಬಿಸಿದ. ಹುಡುಗ ಗುಡಾರದ ಕಂಬವನ್ನು ಎರಡು ಕೈಗಳಿಂದ ಹಿಡಿದು ಕುಳಿತಿದ್ದ. ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಮಾತಾಡಲು ಆಗುತ್ತಿರಲಿಲ್ಲ. ಅವನನ್ನು ಎತ್ತಿಕೊಂಡು ಕತ್ತಲೆಯಲ್ಲಿ, ಗುಡಾರಗಳ ಹಗ್ಗಗಳಿಗೆ ಎಡವುತ್ತ, ಶಿಬಿರದ ಆಸ್ಪತ್ರೆಯತ್ತ ಓಡಿದೆವು. ಅಲ್ಲಿನ ವೈದ್ಯರು ಚಿಕಿತ್ಸೆ ಮಾಡುತ್ತಲೇ ಕೇಳಿದರು: ಮೊದಲು ಯಾವ ಔಷಧ ಕೊಡುತ್ತಿದ್ದರು? ನನಗೆ ಗೊತ್ತಿರಲಿಲ್ಲ. ನಮೂನೆಯಲ್ಲಿ 'ಇಲ್ಲ' ಎಂದಿತ್ತು, ಅದರ ಕೆಳಗೆ ನನ್ನ ಸಹಿ ಇತ್ತು. ಬೆಳಗಾಗುವ ಹೊತ್ತಿಗೆ ಹುಡುಗ ನಿದ್ದೆ ಹೋದ, ಬದುಕಿದ. ಇಂದು ಅವನು ತಂದೆಯಾಗಿದ್ದಾನೆ, ಸುಖವಾಗಿದ್ದಾನೆ. ಆದರೆ ಆ 'ಇಲ್ಲ' ಎಂಬ ಎರಡಕ್ಷರವನ್ನು ಬರೆಸಿದವನು ನಾನು. ಭಾಷೆಯನ್ನು ಕಲಿಸಿ ಅನ್ನ ಉಂಡವನಿಗೆ ಒಂದು ಪದ ಏನು ಮಾಡಬಲ್ಲುದೆಂಬುದು ಅಂದು ತಿಳಿಯಿತು.

ಆದ್ದರಿಂದ ತಾಯಿತಂದೆಯರಲ್ಲಿ ನನ್ನ ಮೊದಲ ವಿನಂತಿ ಇದು: ಆರೋಗ್ಯದ ನಮೂನೆಯಲ್ಲಿ ಇದ್ದುದನ್ನು ಇದ್ದಂತೆ ಬರೆಯಿರಿ. ಉಬ್ಬಸ, ಫಿಟ್ಸ್, ಸಿಹಿಮೂತ್ರ, ಯಾವುದಾದರೂ ಔಷಧ ಅಥವಾ ಆಹಾರ ಒಗ್ಗದಿರುವುದು, ನಿದ್ದೆಯಲ್ಲಿ ನಡೆಯುವುದು, ಹಾಸಿಗೆ ಒದ್ದೆಮಾಡುವುದು, ಯಾವುದೂ ನಾಚಿಕೆಯ ವಿಷಯವಲ್ಲ. ಔಷಧವನ್ನು ಎರಡು ಪಾಲು ಮಾಡಿ, ಒಂದನ್ನು ಮಗುವಿನ ಬಳಿ, ಇನ್ನೊಂದನ್ನು ನಾಯಕರ ಬಳಿ ಇಡಿ; ಹೆಸರು, ಪ್ರಮಾಣ, ಹೊತ್ತು ಬರೆದ ಚೀಟಿ ಎರಡರಲ್ಲಿಯೂ ಇರಲಿ. ಅದಕ್ಕಿಂತ ಮುಖ್ಯವಾಗಿ, ಮಗುವಿಗೆ ತನ್ನ ಕಾಯಿಲೆಯ ಹೆಸರೂ ತನ್ನ ಔಷಧದ ಹೆಸರೂ ತಿಳಿದಿರಲಿ. ತನ್ನ ದೇಹದ ಸುದ್ದಿ ತನಗೇ ತಿಳಿಯದ ಮಗುವನ್ನು ಸಿದ್ಧವಾಗಿದೆಯೆಂದು ಹೇಗೆ ಹೇಳುವುದು? ನಾಯಕರಾದವರು ನಮೂನೆಗಳನ್ನು ಜಗಲಿಯಲ್ಲಿ ತುಂಬಿಸಬಾರದು. ಒಂದು ತಿಂಗಳು ಮೊದಲೇ, ಒಂದೊಂದು ಮನೆಯವರೊಡನೆ ಕುಳಿತು ತುಂಬಿಸಬೇಕು.

ಗೈಡ್ ಬಾಲಕಿಯರ ತಾಯಂದಿರು ಮುಟ್ಟಿನ ವಿಷಯವನ್ನು ಮೊದಲೇ ಬಿಚ್ಚಿ ಮಾತಾಡಬೇಕು. ಪ್ರಯಾಣ, ಚಳಿ, ಆಯಾಸಗಳಿಂದ ದಿನ ಹಿಂದುಮುಂದಾಗುವುದುಂಟು. ಮೊದಲ ಬಾರಿಯ ಅನುಭವ ಶಿಬಿರದಲ್ಲಿಯೇ ಆಗುವುದೂ ಉಂಟು. ಬೇಕಾದುದನ್ನು ಚೀಲದಲ್ಲಿಡಿ, ಯಾರನ್ನು ಕೇಳಬೇಕೆಂದು ಹೇಳಿಡಿ. ಶೌಚಾಲಯದ ಸಾಲಿಗೆ ಹೆದರಿ ನೀರು ಕುಡಿಯದೆ ಇರುವ ಹುಡುಗಿಯರು ಪ್ರತಿ ಶಿಬಿರದಲ್ಲಿಯೂ ಸಿಗುತ್ತಾರೆ. ಮೂರನೆಯ ದಿನ ಅವರೇ ಆಸ್ಪತ್ರೆಯ ಗುಡಾರದಲ್ಲಿರುತ್ತಾರೆ. ಭೇದಿಯಾದರೆ ಏನು ಮಾಡಬೇಕೆಂಬುದೂ ಪ್ರತಿ ಮಗುವಿಗೂ ಗೊತ್ತಿರಬೇಕು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ತುಂಬಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು; ಕೂಡಲೇ ನಾಯಕರಿಗೆ ತಿಳಿಸುವುದು.

ಇನ್ನೊಂದು ಮಾತನ್ನೂ ಇಂದಿನ ಕಾಲದಲ್ಲಿ ಮುಚ್ಚಿಡಬಾರದು. ಯಾವ ಹಿರಿಯರೂ ಒಂದು ಮಗುವನ್ನು ಒಂಟಿಯಾಗಿ ಗುಡಾರಕ್ಕೋ ಮರೆಗೋ ಕರೆಯಬಾರದು. ಕರೆದರೆ 'ಬರುವುದಿಲ್ಲ' ಎನ್ನುವ ಹಕ್ಕು ಮಗುವಿಗಿದೆ, ಅದನ್ನು ಇನ್ನೊಬ್ಬ ಹಿರಿಯರಿಗೆ ಕೂಡಲೇ ಹೇಳಬಹುದು. ವಿಧೇಯತೆಯನ್ನು ಕಲಿಸುವ ಚಳವಳಿಯಲ್ಲಿ ಈ ಅವಿಧೇಯತೆಯನ್ನೂ ಕಲಿಸಬೇಕು. ಎಲ್ಲಿಗೆ ಹೋದರೂ ಇಬ್ಬರಾಗಿ ಹೋಗುವುದು, ದಾರಿ ತಪ್ಪಿದರೆ ಅಲೆಯದೆ ನಿಂತಲ್ಲಿಯೇ ನಿಲ್ಲುವುದು, ತನ್ನ ಉಪಶಿಬಿರದ ಹೆಸರನ್ನು ಬಾಯಿಪಾಠ ಮಾಡಿರುವುದು, ಇವು ಸಣ್ಣ ನಿಯಮಗಳು; ಸಾವಿರಾರು ಮಕ್ಕಳ ನಡುವೆ ಇವೇ ಕಾಯುತ್ತವೆ.

ದೂರವಾಣಿಯ ಸಮಸ್ಯೆ ನನ್ನ ಕಾಲದಲ್ಲಿರಲಿಲ್ಲ. ಮನೆಯ ನೆನಪು ಮೊದಲ ಎರಡು ರಾತ್ರಿ ಕಾಡುತ್ತದೆ. ಮೂರನೆಯ ದಿನ ಗೆಳೆಯರೂ ಕೆಲಸವೂ ಕೂಡಿ ಅದನ್ನು ಮರೆಸುತ್ತವೆ. ಆ ಎರಡು ರಾತ್ರಿಗಳಲ್ಲಿಯೇ ನಮ್ಮ ತಾಯಿತಂದೆಯರು ಹತ್ತು ಸಲ ಕರೆ ಮಾಡುತ್ತಾರೆ. 'ಊಟವಾಯಿತೆ, ಚಳಿಯಾಗುತ್ತದೆಯೆ, ಅಳಬೇಡ' ಎಂದು ಕೇಳಿದ ಮೇಲೆ ಅಳದಿದ್ದ ಮಗುವೂ ಅಳುತ್ತದೆ. ಕರೆಗೆ ದಿನಕ್ಕೊಂದು ಹೊತ್ತನ್ನು ನಾಯಕರು ಗೊತ್ತುಮಾಡಲಿ, ಮನೆಯವರು ಅದಕ್ಕೆ ಬದ್ಧರಾಗಲಿ. ಮಾತಾಡುವಾಗ 'ಏನು ತಿಂದೆ' ಎಂಬುದರ ಬದಲು 'ಇವತ್ತು ಯಾರ ಪರಿಚಯವಾಯಿತು' ಎಂದು ಕೇಳಿ ನೋಡಿ.

ಇಷ್ಟೆಲ್ಲ ಮಾಡಿದರೂ ಎಲ್ಲವೂ ಸರಿಯಾಗಿಯೇ ನಡೆಯುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. 2023ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದಲ್ಲಿ ವಿಶ್ವ ಜಾಂಬೂರಿ ನಡೆಯಿತು. ಸಮುದ್ರದಿಂದ ಗೆದ್ದುಕೊಂಡ, ನೆರಳಿಲ್ಲದ ಬಯಲಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಸೇರಿದ್ದರು. ಉರಿಬಿಸಿಲಿಗೆ ನೂರಾರು ಮಂದಿ ಬಳಲಿದರು. ಬ್ರಿಟನ್, ಅಮೆರಿಕಗಳ ತಂಡಗಳು ಶಿಬಿರ ಬಿಟ್ಟು ಹೊರಟವು. ಮೇಲಿಂದ ಚಂಡಮಾರುತದ ಮುನ್ಸೂಚನೆ ಬಂದು ಉಳಿದ ಎಲ್ಲರನ್ನೂ ಬಸ್ಸುಗಳಲ್ಲಿ ಬೇರೆಡೆಗೆ ಸಾಗಿಸಬೇಕಾಯಿತು. ಧನಿಕ ದೇಶವೊಂದರ ಸಿದ್ಧತೆಯೂ ಸಾಲದೆ ಹೋಗಬಹುದು. ಹಾಗಾದಾಗ ಉಳಿಯುವುದು ಮಗುವಿನ ಸ್ವಂತ ಸಿದ್ಧತೆಯೊಂದೇ. ಅರ್ಧ ಗಂಟೆಯಲ್ಲಿ ತನ್ನ ಗಂಟನ್ನು ತಾನೇ ಕಟ್ಟಿ ಸಾಲಿನಲ್ಲಿ ನಿಲ್ಲಬಲ್ಲ ಮಗು ಎಲ್ಲಿದ್ದರೂ ಕ್ಷೇಮ.

ಚೀಲದಲ್ಲಿ ಹಿಡಿಯದ ಗಂಟೊಂದಿದೆ. ಅದು ಊರಿನ ಗಂಟು. ಜಾಂಬೂರಿಯಲ್ಲಿ ಪ್ರತಿ ರಾಜ್ಯವೂ ತನ್ನ ಹೆಬ್ಬಾಗಿಲನ್ನು ನಿರ್ಮಿಸುತ್ತದೆ, ತನ್ನ ಅಡುಗೆಯನ್ನು ಬಡಿಸುತ್ತದೆ, ಶಿಬಿರಾಗ್ನಿಯ ಸುತ್ತ ತನ್ನ ಕುಣಿತವನ್ನು ತೋರಿಸುತ್ತದೆ. ನಮ್ಮ ಮಕ್ಕಳು ಹುಲಿವೇಷ ಹಾಕಿ ಕುಣಿಯುತ್ತಾರೆ, ಚಪ್ಪಾಳೆ ಬೀಳುತ್ತದೆ. ಕುಣಿತ ಮುಗಿದ ಮೇಲೆ ಮಿಜೋರಾಮಿನ ಹುಡುಗಿಯೊಬ್ಬಳು ಬಂದು 'ಹುಲಿಯೇ ಏಕೆ?' ಎಂದು ಕೇಳಿದರೆ ಉತ್ತರವಿಲ್ಲ. ಕಾರ್ಕಳದ ಮಗುವಿಗೆ ತನ್ನ ಗೊಮ್ಮಟ 42 ಅಡಿಯದೆಂದೂ, ವೀರಪಾಂಡ್ಯ 1432ರಲ್ಲಿ ಅದನ್ನು ನಿಲ್ಲಿಸಿದನೆಂದೂ ಗೊತ್ತಿರಬೇಕು. ಕಾಪುವಿನ ಮಗು ತನ್ನ ಬಂಡೆಯ ಮೇಲಿನ ದೀಪಸ್ತಂಭ 1901ರದೆಂದು ಹೇಳಬೇಕು. ಬೋಳು ಗುಡ್ಡವಾಗಿದ್ದ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಕಥೆ ಮಣಿಪಾಲದ ಮಗುವಿನ ಬಾಯಲ್ಲಿರಬೇಕು. ಉಡುಪಿಯ ಮಗುವಿಗೆ ಅಷ್ಟಮಠಗಳ ಪರ್ಯಾಯ ಎರಡು ವರ್ಷಗಳಿಗೊಮ್ಮೆ ಏಕೆ ಬದಲಾಗುತ್ತದೆಂದು ವಿವರಿಸಲು ಬರಬೇಕು. ಪರ ಊರಿಗೆ ಹೋದಾಗಲೇ ನಮಗೆ ನಮ್ಮ ಊರು ಕಾಣುವುದು. 'ದೇಶ ಸುತ್ತು, ಕೋಶ ಓದು' ಎಂಬ ನಮ್ಮ ಗಾದೆ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಕೋಟದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆಂದು ನಡೆಸಿದ ಪ್ರಯೋಗಗಳ ಹಿಂದೆಯೂ, ಮಗು ತಾನೇ ನೋಡಿ, ತಾನೇ ಮಾಡಿ ಕಲಿಯಬೇಕೆಂಬ ಇದೇ ನಂಬಿಕೆ ಇತ್ತು.

ಕೊನೆಯದಾಗಿ ಒಂದೇ ಮಾತು. ಜಾಂಬೂರಿ ಮುಗಿದು ರೈಲು ಇಂದ್ರಾಳಿಯ ನಿಲ್ದಾಣಕ್ಕೆ ಬರುತ್ತದೆ. ಮಗು ಕಪ್ಪಾಗಿದೆ, ಸೊರಗಿದೆ, ಗಂಟಲು ಒಡೆದಿದೆ. ಎಂಟು ದಿನಗಳ ಒಗೆಯದ ಬಟ್ಟೆ ಚೀಲದಲ್ಲಿದೆ. ತಾಯಿಯ ಕೈ ತಾನಾಗಿಯೇ ಚೀಲದತ್ತ ಚಾಚುತ್ತದೆ. ಅಮ್ಮಾ, ಒಂದು ಕ್ಷಣ ತಡೆಯಿರಿ. ಆ ಚೀಲವನ್ನು ಮನೆಯವರೆಗೂ ಅದೇ ಹೊರಲಿ. ಅಂಗಳದಲ್ಲಿ ಕುಳಿತು ಗಂಟನ್ನು ತನ್ನ ಕೈಯಿಂದಲೇ ಬಿಚ್ಚಲಿ. ಯಾರದೋ ಸ್ಕಾರ್ಫ್, ಪಂಜಾಬಿನ ಗೆಳೆಯ ಕೊಟ್ಟ ಒಂದು ಬ್ಯಾಡ್ಜ್, ವಿಳಾಸ ಬರೆದ ಮುದುಡಿದ ಚೀಟಿ ಒಂದೊಂದಾಗಿ ಹೊರಬರುತ್ತವೆ. ಒಂದೊಂದರೊಡನೆ ಒಂದೊಂದು ಕಥೆಯೂ ಬರುತ್ತದೆ. ನೀವು ಪಕ್ಕದಲ್ಲಿ ಕುಳಿತು ಕೇಳಿದರೆ ಸಾಕು. ಬಟ್ಟೆ ಒಗೆಯುವುದನ್ನು ಆಮೇಲೆ ನೋಡಿಕೊಳ್ಳಬಹುದು. ಅದನ್ನೂ ಮಗುವೇ ಒಗೆಯಬಹುದು.